ಕತ್ತಲಲ್ಲಿ ಗುರಿ ಕೂರಿಸುವ ಸಿಂಧುಜಾ

ಬೆಳಗಿನ ಐದೂವರೆ. ಉದಕಮಂಡಲದ ಆಯುಧಾಗಾರದ ಹೊರಗೆ ಹುಲ್ಲಿನ ಮೇಲೆ ಇಬ್ಬನಿ ಬಿಳಿಯಾಗಿ ಹೆಪ್ಪುಗಟ್ಟಿದೆ. ಒಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಹೆಡ್ ಕಾನ್‌ಸ್ಟೇಬಲ್ ಸಿಂಧುಜಾ ದೀಪ ಆರಿಸಿ, ಬಾಗಿಲು ಮುಚ್ಚಿ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಾರೆ. ಕಣ್ಣು ಕತ್ತಲಿಗೆ ಒಗ್ಗಲು ಹತ್ತು ನಿಮಿಷವಾದರೂ ಬೇಕು. ಮೊದಲು ಏನೂ ಇಲ್ಲ. ಆಮೇಲೆ ಗಾಳಿಯಲ್ಲಿ ತೂಗುಬಿಟ್ಟಂತೆ ಮೂರು ಹಸಿರು ಚುಕ್ಕೆಗಳು ಒಂದೊಂದಾಗಿ ಮೂಡುತ್ತವೆ. ಪಿಸ್ತೂಲು ಕಾಣುವುದಿಲ್ಲ, ಅದನ್ನು ಇಕ್ಕಳದಂತೆ ಬಿಗಿಹಿಡಿದಿರುವ ವೈಸ್ ಕಾಣುವುದಿಲ್ಲ, ತಮ್ಮ ಕೈಯೂ ಕಾಣುವುದಿಲ್ಲ. ಚುಕ್ಕೆಗಳು ಮಾತ್ರ ಅವರನ್ನೇ ನೋಡುತ್ತಿವೆ.

"ಎಂಟು ತಿಂಗಳಾಯ್ತು, ಇನ್ನೂ ಅಭ್ಯಾಸ ಆಗಿಲ್ಲೆ," ಎನ್ನುತ್ತಾರೆ ದೀಪ ಹಾಕಿ. "ಕತ್ತಲಿರೋವರೆಗೂ ಕೋಣೇಲಿ ಇನ್ನೊಬ್ಬರು ಇದ್ದಂಗೇ ಇರುತ್ತೆ."

ಸಿಂಧುಜಾ ಇಲ್ಲಿನ ಆರ್ಮರರ್. ಪೊಲೀಸರ ಬಂದೂಕು, ಪಿಸ್ತೂಲುಗಳನ್ನು ಬಿಚ್ಚಿ, ತೊಳೆದು, ಸರಿಪಡಿಸಿ ಮತ್ತೆ ಜೋಡಿಸುವುದು ಅವರ ಕೆಲಸ. ವಯಸ್ಸು ಮೂವತ್ತಾರು. ಬೆಳೆದದ್ದು ಕುಂದಾದ ವಿದ್ಯುದಾಗಾರದ ಸಿಬ್ಬಂದಿ ಕಾಲೊನಿಯಲ್ಲಿ. ಅಪ್ಪ ಅಲ್ಲಿ ಫಿಟ್ಟರ್ ಆಗಿದ್ದವರು. ಅರದ ಸದ್ದು ಕೇಳಿಯೇ ಕಬ್ಬಿಣ ಎಷ್ಟು ಸವೆಯಿತೆಂದು ತಿಳಿಯುವುದನ್ನು ಮಗಳಿಗೆ ಕಲಿಸಿದ್ದು ಅವರೇ. ಈಗ ದಿನಕ್ಕೆ ಹತ್ತು ಹನ್ನೆರಡು ಆಯುಧಗಳು ಮಗಳ ಮೇಜು ದಾಟುತ್ತವೆ. ಪ್ರತಿಯೊಂದಕ್ಕೂ ಒಂದು ಚೀಟಿ, ಅದರಲ್ಲಿ ಹಾರಿದ ಗುಂಡುಗಳ ಲೆಕ್ಕ, ಕೆಳಗೆ ಅವರ ಸಹಿ. ಚಳಿಗೆ ಬೆರಳ ತುದಿ ಬಿರಿಯುತ್ತದೆ. ಕೈಗವಸು ಹಾಕಿದರೆ ಸ್ಕ್ರೂ ತಿಳಿಯುವುದಿಲ್ಲ. ಹದಿಮೂರು ವರ್ಷದ ಸೇವೆಯಲ್ಲಿ ಕಾಗದದ ಗುರಿ ಬಿಟ್ಟರೆ ಬೇರೆ ಯಾವುದರ ಮೇಲೂ ಅವರು ಗುಂಡು ಹಾರಿಸಿದವರಲ್ಲ.

ಕಳೆದ ಜನವರಿಯ ಒಂದು ನಸುಕಿನಲ್ಲಿ ಇನ್ನೊಬ್ಬರು ಹಾರಿಸಿದ ಗುಂಡು ಅವರನ್ನು ಈ ಕತ್ತಲ ಕೋಣೆಗೆ ತಂದು ಕೂರಿಸಿತು. ಮಸಿನಗುಡಿ ಕಡೆಯ ಕಾಡಂಚಿನ ಚೆಕ್‌ಪೋಸ್ಟೊಂದರಲ್ಲಿ ಸಬ್‌ಇನ್‌ಸ್ಪೆಕ್ಟರ್ ಸುಧಾಕರನ್ ಪಾಳಿಯಲ್ಲಿದ್ದರು. ಹಿಂದಿನ ವಾರವಷ್ಟೇ ಅಲ್ಲಿಂದ ಚಿರತೆಯೊಂದು ಕರುವನ್ನು ಎಳೆದೊಯ್ದಿತ್ತು. ಜೀಪೊಂದು ತಿರುವಿನಲ್ಲಿ ತಿರುಗಿದಾಗ ಮಂಜಿನೊಳಗೆ ಎರಡು ಕಣ್ಣು ಹೊಳೆದವು. ಜೀಪಿನ ದೀಪ ಮುಂದಕ್ಕೆ ಸರಿಯಿತು, ಕಣ್ಣು ಮಾಯವಾದವು. ಸುಧಾಕರನ್ ಅತ್ತಲೇ ಪಿಸ್ತೂಲು ಎತ್ತಿದರು. ಪಿಸ್ತೂಲಿನ ಬೆನ್ನ ಮೇಲೆ ಮುಂದೊಂದು ಮೊನೆ, ಹಿಂದೊಂದು ಕಚ್ಚು ಇರುತ್ತದೆ. ಕಚ್ಚಿನ ನಡುವೆ ಮೊನೆ ಕೂತರೆ ಗುರಿ. ಕಪ್ಪು ಕಬ್ಬಿಣ, ಹಿಂದೆ ಕಪ್ಪು ಕಾಡು. ಅರ್ಧ ಕಂಡಿತು, ಅರ್ಧ ಊಹಿಸಿದರು. ಗುಂಡು ಹಾರಿತು.

ಟಾರ್ಚ್ ಹಿಡಿದು ಓಡಿಹೋಗಿ ನೋಡಿದರೆ ಅಲ್ಲಿ ನಿಂತಿದ್ದದ್ದು ರಂಗಿ. ಪಕ್ಕದ ಇರುಳ ಬುಡಕಟ್ಟಿನ ಹಳ್ಳಿಯವರು, ಅರವತ್ತು ದಾಟಿದವರು, ಸೌದೆಗೆ ಹೊರಟಿದ್ದವರು. ಗುಂಡು ಅವರ ಕಿವಿಯ ಪಕ್ಕದಲ್ಲೇ ಹಾದು ಮರಕ್ಕೆ ಹೊಕ್ಕಿತ್ತು. ಆಕೆ ಕೂಗಿರಲಿಲ್ಲ. ಕದಲಿಯೂ ಇರಲಿಲ್ಲ.

"ಕಣ್ಣು ಕಂಡೆ ಅಂತ ಎಲ್ಲರಿಗೂ ಹೇಳಿದೆ," ಎನ್ನುತ್ತಾರೆ ಸುಧಾಕರನ್. "ಮನುಷ್ಯರ ಕಣ್ಣು ಹಾಗೆ ಹೊಳೆಯೋದಿಲ್ಲ ಅಂದರು. ಒಬ್ಬರೂ ನಂಬಲಿಲ್ಲ."

ವಿಚಾರಣೆಗೆಂದು ಆ ಪಿಸ್ತೂಲು ಸಿಂಧುಜಾರ ಮೇಜಿಗೆ ಬಂತು. ಹಿಂದಿನ ಸೈಟ್, ಅಂದರೆ ಆ ಕಚ್ಚಿರುವ ತುಂಡು, ತನ್ನ ಗುರುತಿನಿಂದ ಒಂದು ಮಿಲಿಮೀಟರ್ ಎಡಕ್ಕೆ ಜರುಗಿತ್ತು. ನಾಲ್ಕು ತಿಂಗಳ ಹಿಂದಿನ ಚೀಟಿ ತೆಗೆದರು. 'ಸರಿಯಿದೆ' ಎಂದು ಬರೆದಿತ್ತು. ಕೆಳಗೆ ಅವರದೇ ಸಹಿ. ಯಾರೂ ಕೇಳುವ ಮೊದಲೇ ಅದನ್ನು ತಾವಾಗಿ ಬರೆದು ಮೇಲಕ್ಕೆ ಕಳಿಸಿದರು. ಮೆಮೊ ಬಂತು, ತೆಗೆದುಕೊಂಡರು.

"ಒಂದು ಮಿಲಿಮೀಟರ್, ಇಪ್ಪತ್ತೈದು ಮೀಟರ್ ದೂರಕ್ಕೆ ಹತ್ತಿರ ಹತ್ತಿರ ಒಂದು ಗೇಣಾಗುತ್ತೆ. ಎನ್ನ ತಪ್ಪೇ ಆ ಅಜ್ಜೀನ ಉಳಿಸ್ತು," ಎಂದು ಹೇಳಿ ಅವರು ಕೈ ಒರೆಸುವ ಬಟ್ಟೆಯನ್ನು ಮಡಿಸುತ್ತ ಕೂರುತ್ತಾರೆ. "ಇದನ್ನ ಯಾರ ಹತ್ರ ಹೇಳಲಿ? ಸರಿ ಮಾಡೋದೇ ಎನ್ನ ಕೆಲಸ. ಸರಿ ಇದ್ದಿದ್ದರೆ ಅಜ್ಜಿ ಇರುತ್ತಿರಲಿಲ್ಲ."

ಕಾಡಂಚಿನ ಪಿಸ್ತೂಲುಗಳಿಗೆ ಕತ್ತಲಲ್ಲಿ ಬೆಳಗುವ ಸೈಟ್ ಹಾಕಬೇಕೆಂದು ತೀರ್ಮಾನವಾದಾಗ ಮೂರು ಬಗೆಯ ಮಾದರಿಗಳು ಬಂದವು. ಇನ್‌ಸ್ಪೆಕ್ಟರ್ ಗೋಪಾಲನ್ ಅವರಿಗೆ ಎಲ್ಲಕ್ಕಿಂತ ಪ್ರಖರವಾದದ್ದು ಹಿಡಿಸಿತು. ಸಿಂಧುಜಾ ಎದುರು ಮಾತಾಡಲಿಲ್ಲ. "ಅಯ್ಯಾ, ಒಂದು ಸಲ ಒಳಗೆ ಬಂದು ನೋಡಿ" ಎಂದು ಕೋಣೆಗೆ ಕರೆದರು. ಬಾಗಿಲನ್ನು ಒಂದು ಬೆರಳಷ್ಟು ಮಾತ್ರ ತೆರೆದಿಟ್ಟು, ಖಾಲಿ ಪಿಸ್ತೂಲು ಕೈಗೆ ಕೊಟ್ಟು, ಎದುರಿಗೆ ಏನಿದೆ ಎಂದು ಕೇಳಿದರು. ಏನೂ ಇಲ್ಲ, ಮೂರು ಚುಕ್ಕೆ ಎಂದರು ಗೋಪಾಲನ್. ಆಮೇಲೆ ಹಿಂದಿನ ಕಚ್ಚಿನ ಎರಡು ಚುಕ್ಕೆ ಮಂಕಾಗಿ, ಮುಂದಿನ ಮೊನೆಯದು ಮಾತ್ರ ತುಸು ಹೆಚ್ಚು ಬೆಳಗುವ ಇನ್ನೊಂದನ್ನು ಕೊಟ್ಟರು. ಗೋಪಾಲನ್ ಒಂದು ಹೆಜ್ಜೆ ಹಿಂದಕ್ಕಿಟ್ಟರು. "ಯಾರಮ್ಮಾ ಅಲ್ಲಿ ನಿಂತಿರೋದು?"

ಗೋಡೆಯ ಮೊಳೆಗೆ ಸಿಂಧುಜಾ ತಮ್ಮ ಬೂದು ಶಾಲನ್ನು ತೂಗುಹಾಕಿದ್ದರು. ಅದು ಮೊದಲಿನಿಂದಲೂ ಅಲ್ಲೇ ಇತ್ತು, ಪ್ರಖರ ಚುಕ್ಕೆಗಳು ಕಣ್ಣು ಕುಕ್ಕಿ ಅದನ್ನು ಮರೆಮಾಡಿದ್ದವು. ಮಂಕು ಚುಕ್ಕೆಯದೇ ಆಯ್ಕೆಯಾಯಿತು. ಅದರ ಹಿಂದಿನ ಸೈಟನ್ನು ಪುಟ್ಟ ಸ್ಕ್ರೂಗಳಿಂದ ಎಡ ಬಲ, ಮೇಲೆ ಕೆಳಗೆ ಹೊಂದಿಸಲೂ ಬರುತ್ತದೆ.

ಕೂರಿಸುವುದು ಒಂದೂವರೆ ಗಂಟೆಯ ಕೆಲಸ. ಪಿಸ್ತೂಲಿನ ಮೇಲ್ಭಾಗವನ್ನು ಕಳಚಿ ವೈಸ್‌ಗೆ ಬಿಗಿದು, ಹಳೆಯ ಸೈಟನ್ನು ಹಿತ್ತಾಳೆಯ ಕಡ್ಡಿಯಿಟ್ಟು ಬಡಿದು ತೆಗೆಯುತ್ತಾರೆ. ಹೊಸದನ್ನು ಬಡಿಯುವಂತಿಲ್ಲ. ಬೆಳಕು ಇರುವುದು ಅನಿಲ ತುಂಬಿ ತಾನಾಗಿ ಬೆಳಗುವ, ಕೂದಲೆಳೆಯಂಥ ಗಾಜಿನ ನಳಿಕೆಯಲ್ಲಿ. ಪೆಟ್ಟು ಬಿದ್ದರೆ ಒಡೆಯುತ್ತದೆ. ಸ್ಕ್ರೂ ತಿರುಗಿಸಿ ಒತ್ತುವ ಸಾಧನದಿಂದ ಉಸಿರು ಹಿಡಿದು ನೂಕುತ್ತಾರೆ. ಆಮೇಲೆ ಮೈದಾನದಲ್ಲಿ ಐದು ಗುಂಡು, ಒಂದಿಷ್ಟು ಸ್ಕ್ರೂ ತಿರುವು, ಮತ್ತೆ ಐದು ಗುಂಡು. ಇದುವರೆಗೆ ಇಪ್ಪತ್ತೆರಡು ಪಿಸ್ತೂಲುಗಳಾಗಿವೆ.

ಮೊದಲನೆಯದು ಸುಧಾಕರನ್ ಅವರದು. ಅದನ್ನು ನಿಜವಾದ ಮಂಜಿನಲ್ಲಿ ನೋಡಬೇಕೆಂದು ಸಿಂಧುಜಾ ಒಂದು ನಸುಕಿನಲ್ಲಿ ಆ ಚೆಕ್‌ಪೋಸ್ಟಿಗೇ ಹೋದರು. ಗುಂಡು ತೆಗೆದ ಪಿಸ್ತೂಲನ್ನು ಮರಳಿನ ಚೀಲದ ಮೇಲಿಟ್ಟು, ದೂರದ ಬೊಡ್ಡೆಯೊಂದಕ್ಕೆ ಗುರಿ ಹೊಂದಿಸಿ ನೋಡುತ್ತಿದ್ದರು. ಬೊಗಳುತ್ತಿದ್ದ ಚೆಕ್‌ಪೋಸ್ಟಿನ ನಾಯಿಗಳು ಒಮ್ಮೆಲೇ ಸುಮ್ಮನಾದವು. ತಲೆ ಎತ್ತಿದರೆ ಪಕ್ಕದಲ್ಲಿ ರಂಗಿ ನಿಂತಿದ್ದರು. ಹೆಜ್ಜೆ ಸದ್ದೇ ಕೇಳಿರಲಿಲ್ಲ. ಜೊತೆಗಿದ್ದ ಸುಧಾಕರನ್ ಮುಖ ತಿರುಗಿಸಿಕೊಂಡರು.

"ಅಜ್ಜಿ, ಅವತ್ತು ಯಾಕೆ ಕೂಗಲಿಲ್ಲ? ನಾನಿದ್ದೀನಿ ಅಂತ ಒಂದು ಮಾತು ಅನ್ನಬಾರದಿತ್ತಾ?" ಎಂದು ಕೇಳಿದರು ಸಿಂಧುಜಾ.

"ಕೂಗೋದು ಹೆಂಗೆ ಅಮ್ಮಣಿ? ಅದು ನನ್ನ ಹಿಂದೆ ದಿಬ್ಬದ ಮೇಲೆ ನಿಂತಿತ್ತು," ಎಂದರು ರಂಗಿ. "ಕುತ್ತಿಗೆಗೆ ಬಿಸಿ ಉಸಿರು ತಾಗ್ತಿತ್ತು. ತಿರುಗಿದ್ರೆ ಹಿಡೀತಿತ್ತು. ಗುಂಡಿನ ಸದ್ದಿಗೆ ಹೋಯ್ತು."

"ಯಾರಿಗೂ ಹೇಳಲಿಲ್ಲವಲ್ಲ?"

"ಯಾರೂ ಕೇಳಲಿಲ್ಲ."

ಸುಧಾಕರನ್ ಅಲ್ಲೇ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತರು. ಅವರು ಕಂಡ ಚಿರತೆಯ ಕಣ್ಣು ಸುಳ್ಳಲ್ಲ. ಆದರೆ ಆ ಕಣ್ಣಿಗೂ ಅವರ ಪಿಸ್ತೂಲಿಗೂ ನಡುವೆ ಒಂದು ಜೀವ ನಿಂತಿತ್ತು. ರಂಗಿ ಮರಳಿನ ಚೀಲದ ಕಡೆ ಬಾಗಿ ಚುಕ್ಕೆಗಳನ್ನು ಬಹಳ ಹೊತ್ತು ನೋಡಿದರು. "ಇದೂ ಅದರ ಹಾಗೇ ನೋಡ್ತದೆ," ಎಂದಷ್ಟೇ ಹೇಳಿ ಮಂಜಿನೊಳಗೆ ನಡೆದುಬಿಟ್ಟರು.

ಅಂದಿನಿಂದ ಸಿಂಧುಜಾ ಯಾರಿಗೂ ಪಿಸ್ತೂಲನ್ನು ಹಾಗೇ ಕೊಟ್ಟು ಕಳಿಸುವುದಿಲ್ಲ. ಕೈಗೆ ಟಾರ್ಚ್ ಕೊಟ್ಟು ಕತ್ತಲ ಕೋಣೆಗೆ ಕರೆದೊಯ್ಯುತ್ತಾರೆ. ಶಾಲನ್ನು ಒಂದೊಂದು ದಿನ ಒಂದೊಂದು ಮೂಲೆಯಲ್ಲಿ ತೂಗುಹಾಕಿರುತ್ತಾರೆ. "ಈ ಚುಕ್ಕೆ ನಿಮ್ಮ ಪಿಸ್ತೂಲು ಎಲ್ಲಿದೆ ಅಂತ ಹೇಳುತ್ತೆ. ಎದುರಿಗೆ ಇರೋದು ಯಾರು ಅಂತ ಹೇಳೋದಿಲ್ಲ. ಮೊದಲು ಟಾರ್ಚ್ ಹಾಕಿ, ಮಾತಾಡಿಸಿ," ಎಂದು ಪ್ರತಿಯೊಬ್ಬರಿಗೂ ಅದೇ ಮಾತು. ಕೆಲವರು ನಗುತ್ತಾರೆ. ಸುಧಾಕರನ್ ನಗುವುದಿಲ್ಲ, ತಮ್ಮ ಠಾಣೆಯ ಹುಡುಗರನ್ನು ಅವರೇ ಕರೆತರುತ್ತಾರೆ.

ಎಂಟು ಗಂಟೆಯಾಯಿತು. ಇಪ್ಪತ್ಮೂರನೆಯ ಪಿಸ್ತೂಲಿನ ಚೀಟಿ ಬರೆದು, ಇನ್ನೊಮ್ಮೆ ಅಳೆದು ನೋಡಿದ ಮೇಲೆ ಸಿಂಧುಜಾ ಸಹಿ ಹಾಕುತ್ತಾರೆ. ಮುಂದಿನ ಆಸೆ ಏನೆಂದು ಕೇಳಿದರೆ ಪಿಸ್ತೂಲನ್ನು ಬಟ್ಟೆಯಿಂದ ಒರೆಸುತ್ತ ಹೇಳುತ್ತಾರೆ.

"ಈ ಬೆಳಕು ಹನ್ನೆರಡು ವರ್ಷಕ್ಕೆ ಅರ್ಧ ಆರಿರುತ್ತೆ. ಆವಾಗ ನಾನೇ ಇದನ್ನ ತೆಗೆದು ಬೇರೆ ಹಾಕಬೇಕು. ಅವತ್ತು ಚೀಟಿ ಬಿಚ್ಚಿ ನೋಡಿದರೆ ಕಾಗದಕ್ಕೆ ಹೊಡೆದ ಗುಂಡು ಬಿಟ್ಟು ಬೇರೊಂದೂ ಇರಬಾರದು. ಎನಗ ಅಷ್ಟೇ ಸಾಕು."