ಹೋಗನೆಸ್ ಗಣಿಯಲ್ಲಿ ನನ್ನ ಬಾಯಿಗೆ ಬಂದ ಮಾತು

ದೆವ್ವ, ಪೂರ್ವಜನ್ಮ ಅಂತ ಯಾರಾದರೂ ಶುರು ಮಾಡಿದರೆ ನಗುತ್ತಿದ್ದವಳು ನಾನು. ದಾವಣಗೆರೆಯ ನಮ್ಮತ್ತೆ ಇಂಥ ಕಥೆ ಹೇಳಿದಾಗಲೆಲ್ಲ ಎದುರಿಗೇ ಆಡಿಕೊಂಡಿದ್ದೇನೆ. ಈಗ ನೀವು ನನ್ನನ್ನು ಆಡಿಕೊಳ್ಳಿ, ಪರವಾಗಿಲ್ಲ.

2006ರ ಆಸುಪಾಸು. ಗಂಡನ ಕೆಲಸದ ಹಿಂದೆ ದಕ್ಷಿಣ ಸ್ವೀಡನ್ನಿನ ಹೋಗನೆಸ್‌ಗೆ ಬಂದು ಮೂರು ವರ್ಷವಾಗಿತ್ತು. ಎಂಎ ಮಾಡಿದವಳು ಮನೆಯಲ್ಲಿ ಕೂತು ಕೂತು ತಲೆ ಕೆಟ್ಟಿತ್ತು. ಎಲ್ಲಿ ಅರ್ಜಿ ಹಾಕಿದರೂ ಭಾಷೆ ಸಾಲದು ಅನ್ನುವ ಉತ್ತರ. ಕೊನೆಗೆ ಪುರಸಭೆಯವರು ಗೈಡ್ ಕೆಲಸಕ್ಕೆ ಒಂದು ಪರೀಕ್ಷೆ ಇಟ್ಟರು. ಊರಿನ ಇಪ್ಪತ್ತು ಹಿರಿಯರಿಗೆ ಅವರ ಊರನ್ನೇ ಸ್ವೀಡಿಷ್‌ನಲ್ಲಿ ಪರಿಚಯಿಸಬೇಕಂತೆ. ಮೀನಿಗೆ ಈಜು ಕಲಿಸಿದ ಹಾಗೆ!

ಎರಡು ವಾರ ಉರು ಹೊಡೆದೆ. ಕಲ್ಲಿದ್ದಲು ಅಗೆಯುವಾಗ ಜೇಡಿಮಣ್ಣೂ ಸಿಕ್ಕಿದ್ದು, ಆ ಮಣ್ಣಿನ ಜಾಡಿ, ಇಟ್ಟಿಗೆ, ಕೊಳವೆಗಳಿಂದ ಊರು ಬೆಳೆದದ್ದು, ಗಣಿ ಮುಚ್ಚಿದರೂ ಕಾರ್ಖಾನೆಗಳು ನಿಲ್ಲದೆ ಇದ್ದದ್ದು, ಎಲ್ಲ ನಾಲಿಗೆ ತುದಿಯಲ್ಲಿತ್ತು.

ಪರೀಕ್ಷೆಯ ದಿನ ಮಧ್ಯಾಹ್ನ ಹಳೆಯ ಗಣಿಯ ಸುರಂಗಕ್ಕೆ ಎಲ್ಲರನ್ನೂ ಕರೆದೊಯ್ದೆ. ಒಳಗೆ ಕಾಲಿಡುವಾಗ ಅಭ್ಯಾಸಬಲ ನೋಡಿ, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ತಲೆಯೆತ್ತಿದರೆ ಕಲಿತದ್ದೆಲ್ಲ ಖಾಲಿ. ಒಂದೇ ಒಂದು ಪದ ನೆನಪಿಲ್ಲ. ನನ್ನನ್ನು ಪರೀಕ್ಷಿಸಲು ಪುರಸಭೆಯಿಂದ ಬಂದಿದ್ದಾಕೆ ಏನೋ ಬರೆದುಕೊಂಡರು. ಮುಗೀತು ನನ್ನ ಕಥೆ ಅಂದುಕೊಂಡೆ.

ಆಗ ನನ್ನ ಬಾಯಿ ತಾನಾಗಿ ಮಾತಾಡತೊಡಗಿತು. ಅಚ್ಚ ಸ್ವೀಡಿಷ್, ಎಲ್ಲೂ ತಡವರಿಕೆಯಿಲ್ಲ. ಇಲ್ಲಿ ಒಬ್ಬ ಮಗ್ಗುಲಾಗಿ ಮಲಗಿಕೊಂಡೇ ಕಲ್ಲಿದ್ದಲು ಕೀಳುತ್ತಿದ್ದ, ಬುತ್ತಿಯ ಕೊನೆಯ ತುಂಡು ಬ್ರೆಡ್ಡನ್ನು ತಿನ್ನದೆ ಮನೆಗೆ ಒಯ್ದು, ಗಣಿಯ ಇಲಿ ನಿನಗೆ ಕಳಿಸಿದೆ ಅಂತ ಮಗಳಿಗೆ ಕೊಡುತ್ತಿದ್ದ ಅಂದೆ. ಇದು ಓದಿದ್ದಲ್ಲ, ಕೇಳಿದ್ದಲ್ಲ. ಇಲಿಗೆ ಸ್ವೀಡಿಷ್‌ನಲ್ಲಿ ಏನಂತಾರೆ ಅನ್ನುವುದೂ ನನಗೆ ಗೊತ್ತಿರಲಿಲ್ಲ.

ಕೋಲೂರಿ ನಿಂತಿದ್ದ ಅಜ್ಜಿಯೊಬ್ಬರು ಮುಂದೆ ಬಂದು ನನ್ನ ಕೈ ಹಿಡಿದರು.

"ಆ ಮಗಳು ನಾನೇ. ಇದನ್ನ ಈವರೆಗೆ ಯಾರಿಗೂ ಹೇಳಿಲ್ಲ. ನಿನಗೆ ಯಾರು ಹೇಳಿದ್ರು?"

ಇಬ್ಬರೂ ಅತ್ತೆವು. ಮಿಕ್ಕವರು ಚಪ್ಪಾಳೆ ತಟ್ಟಿದರು. ಪುರಸಭೆಯಾಕೆ ಸೋಮವಾರದಿಂದಲೇ ಕೆಲಸಕ್ಕೆ ಬನ್ನಿ ಅಂದರು. ಗೆದ್ದುಬಿಟ್ಟಿದ್ದೆ ಕಣ್ರೀ! ಭಾಷೆ ಸಾಲದು ಅಂದವರ ಆಫೀಸಿನ ಮುಂದೆಯೇ ಬೇಕಂತ ಎದೆಯುಬ್ಬಿಸಿಕೊಂಡು ಮನೆಗೆ ಹೋದೆ.

ನನ್ನ ಗಂಡ ಇಂಜಿನಿಯರು. ಎಲ್ಲೋ ಕಾಫಿ ಕುಡಿಯುವಾಗ ಕಿವಿಗೆ ಬಿದ್ದಿರುತ್ತೆ ಅನ್ನುತ್ತಾರೆ. ಇರಬಹುದು. ಆದರೆ ಆ ಅಜ್ಜಿ ಯಾರಿಗೂ ಹೇಳೇ ಇರಲಿಲ್ಲವಲ್ಲ!

ಅಜ್ಜಿ ಬದುಕಿರುವವರೆಗೂ ಪ್ರತಿ ಬೇಸಿಗೆ ಬಂದು ನನ್ನ ಗುಂಪಿನ ಮುಂದೆಯೇ ನಿಲ್ಲುತ್ತಿದ್ದರು. ಅಪ್ಪ ಇನ್ನೇನಾದರೂ ಹೇಳಿಯಾನು ಅಂತ ನನ್ನ ಬಾಯನ್ನೇ ನೋಡುತ್ತಿದ್ದರು.