ಫೋನಲ್ಲಿ ಹೇಳಲಾಗದ ವಿಷಯ

"ಒಂದು ವಿಷಯ ಉಂಟು. ಫೋನಲ್ಲಿ ಬೇಡ, ಬಂದಾಗ ಹೇಳ್ತೇನೆ."

ಬೆಳಿಗ್ಗೆ ಪಂಜದಿಂದ ಚಿಕ್ಕಮ್ಮ ಇಷ್ಟು ಹೇಳಿ ಫೋನ್ ಇಟ್ಟರು ಮಾರಾಯ್ರೆ! ಮತ್ತೆ ಕರೆ ಮಾಡಿದರೆ ಎತ್ತಲೂ ಇಲ್ಲ.

ಎಂತ ವಿಷಯ ಇರಬಹುದು? ಚಿಕ್ಕಪ್ಪನ ಬಿಪಿಯೋ, ಜಾಗದ ತಕರಾರೋ? ನಾನು ದೋಸೆ ಅರ್ಧಕ್ಕೇ ಬಿಟ್ಟು ಎದ್ದೆ. ಪಿಯುಸಿ ಓದುವ ಮಗಳ ಮುಖವೂ ಸಪ್ಪೆಯಾಯಿತು. ಭಾನುವಾರವಾದ್ದರಿಂದ ಅವಳನ್ನೂ ಕರೆದುಕೊಂಡು ಪುತ್ತೂರಿನಲ್ಲಿ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಅವಳೇ ಬಾಯಿಬಿಟ್ಟಳು: "ಅಮ್ಮಾ, ನಾನು ಟ್ಯೂಷನ್ ತಪ್ಪಿಸಿ ಐಸ್‌ಕ್ರೀಂ ತಿನ್ಲಿಕ್ಕೆ ಹೋದದ್ದು ಅವರಿಗೆ ಗೊತ್ತಾಯ್ತೋ ಎಂತದೋ."

ಪಂಜದ ಮನೆ ಮುಟ್ಟಿದ ಕೂಡಲೇ "ಎಂತ ವಿಷಯ?" ಎಂದು ಕೇಳಿದೆ. ಚಿಕ್ಕಮ್ಮ ಒಳಗಿನಿಂದ ಸ್ಟೀಲ್ ಡಬ್ಬಿ ತಂದಿಟ್ಟರು.

"ಹೋದ ಸಲ ಬಿಟ್ಟು ಹೋದದ್ದಲ್ವಾ? ತೆಗೊಂಡು ಹೋಗು."

"ಇದನ್ನು ಫೋನಲ್ಲೇ ಹೇಳಬಹುದಿತ್ತಲ್ಲ ಚಿಕ್ಕಮ್ಮ! ಬೆಳಿಗ್ಗೆಯಿಂದ ಎದೆ ಡವಡವ ಹೊಡ್ಕೊಳ್ತಾ ಉಂಟು."

"ಡಬ್ಬಿ ಉಂಟು ಅಂದ್ರೆ ನೀನು ಬರ್ತಿದ್ದೆಯಾ?"

ನಾನು ಮುಚ್ಚಳ ತೆಗೆದು ನೋಡಿದೆ. ಡಬ್ಬಿ ತುಂಬ ಹಲಸಿನ ಹಪ್ಪಳ ಇತ್ತು.

ಈಗ ವಾಪಸು ಬಸ್ಸಿನಲ್ಲಿದ್ದೇವೆ. ಆತಂಕಕ್ಕೆ ಮೊಬೈಲ್ ಕಾರಣ, ಕಾಫಿ ಕಾರಣ, ನಿದ್ದೆಗೆಡುವುದು ಕಾರಣ ಎಂದೆಲ್ಲ ಓದಿದ್ದೇನೆ. ಈ 'ಬಂದಾಗ ಹೇಳ್ತೇನೆ' ಮಾತ್ರ ಯಾರ ಕಣ್ಣಿಗೂ ಯಾಕೆ ಬಿದ್ದಿಲ್ಲ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಮಗಳು ಮೆಲ್ಲಗೆ ಹೇಳಿದಳು: "ಅಮ್ಮಾ, ಇನ್ನೊಂದು ವಿಷಯ ಉಂಟು. ಬಸ್ಸಲ್ಲಿ ಬೇಡ, ಮನೆಗೆ ಹೋಗಿ ಹೇಳ್ತೇನೆ."

ಪುತ್ತೂರು ಇನ್ನೂ ದೂರ ಇದೆ. ಅಲ್ಲಿಯವರೆಗೆ ಯಾರಾದರೂ ಇಲ್ಲಿ ಕಮೆಂಟಲ್ಲಿ ನನ್ನ ಹತ್ತಿರ ಮಾತಾಡ್ತಾ ಇರಿ ಮಾರಾಯ್ರೆ!