ಮೀನಿನ ತಲೆ ಯಾರಿಗೆ

ಫಿಜಿಯ ನಮ್ಮ ಸಣ್ಣ ಜೈಲಿನ ಅಡುಗೆಯವಳು ವೆರೆನೈಸಿಯದು ಜೋರು ಬಾಯಿ. ಕೈದಿಗಳು ದಿನವೂ ಹೊಡೆದಾಡುವುದಕ್ಕೆ ಡಬ್ಬಿ ಮಾಂಸ, ನೂಡಲ್ಸ್, ಸಕ್ಕರೆ ಸುರಿದ ಚಹಾವೇ ಕಾರಣ ಎಂಬುದು ಅವಳ ವಾದ. "ಹೊಟ್ಟೆಗೆ ಕಸ ಹಾಕಿದ್ರೆ ಬುದ್ಧಿ ನೆಟ್ಟಗಿರುತ್ತಾ?" ಎಂದು ಸಾಹೇಬರನ್ನೇ ಗದರಿ ಮೀನು, ಮರಗೆಣಸು, ಕೆಸುವಿನ ಸೊಪ್ಪು ತರಿಸಿದಳು.

ಜಗಳ ಕಡಿಮೆಯಾಯಿತು. ಆದರೆ ಊಟದ ಹೊತ್ತಿನ ಕಿತ್ತಾಟ ಮಾತ್ರ ನಿಲ್ಲಲಿಲ್ಲ.

ಕೈದಿಗಳಲ್ಲೇ ಹಿರಿಯನಾದ ಅಪಿಸಲೋಮೆ ಒಂದು ದಿನ ಕೇಳಿದ: "ಮೀನಿನ ತಲೆ ಎಲ್ಲಮ್ಮಾ? ಅದು ಹಿರಿಯನಿಗೆ ಸಲ್ಲಬೇಕಾದ್ದಲ್ವಾ?"

"ಸಾರಿಗೆ ಹಾಕ್ದೆ. ಕಳ್ಳರಲ್ಲಿ ಹಿರಿಯರು ಕಿರಿಯರು ಅಂತ ಬೇರೆ ಇದ್ದಾರಾ?"

"ನಿಮ್ಮಪ್ಪನಿಗೂ ತಲೆ ತೆಗೆದೇ ಬಡಿಸ್ತಿದ್ಯಾ?"

ವೆರೆನೈಸಿ ಸೌಟು ಕುಕ್ಕಿ ಒಳಗೆ ಹೋದಳು. ಮರುದಿನ ದೊಡ್ಡ ಮೀನಿನ ತಲೆ ಅವನ ತಟ್ಟೆಗೆ ಬಂತು. ಅವನು ಅದನ್ನು ಮುಟ್ಟುವವರೆಗೆ ಯಾರೂ ತುತ್ತೆತ್ತಲಿಲ್ಲ. ಕಿತ್ತಾಟ ಅಲ್ಲಿಗೆ ನಿಂತಿತು.

ತನ್ನ ಬಿಡುಗಡೆಯ ಹಿಂದಿನ ದಿನ ಅಪಿಸಲೋಮೆ ಆ ತಟ್ಟೆಯನ್ನು ಸಕಿಯುಸನತ್ತ ಸರಿಸಿದ. ವಯಸ್ಸಿನಲ್ಲಿ ನಂತರದವನು ಅವನೇ. ಮೊದಲೆಲ್ಲ ತಟ್ಟೆ ಎಸೆಯುತ್ತಿದ್ದವನೂ ಅವನೇ. "ನಾಳೆಯಿಂದ ಇದು ನಿಂದು."

ಮರುದಿನ ಸಕಿಯುಸ ಮೀನಿನ ತಲೆಯನ್ನು ಮುಂದಿಟ್ಟುಕೊಂಡು ಮುಟ್ಟದೆ ಕೂತಿದ್ದ.

"ತಿನ್ನೋ, ಆರಿಹೋಗುತ್ತೆ!" ಎಂದಳು ವೆರೆನೈಸಿ.

"ಮೂಲೇಲಿರೋನಿಗೆ ಇನ್ನೂ ಬಡಿಸಿಲ್ಲ, ಅಕ್ಕಾ."